ಮರಿ ಬಿಡುವ ಹೊತ್ತು

ಸೀಸೆಯ ತಳಕ್ಕೆ ಅಂಟಿದ ಪಾಚಿ ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ. ನೀರಕ್ಕ ಮೊಣಕೈವರೆಗೆ ತೋಳನ್ನು ತೊಟ್ಟಿಗಿಳಿಸಿ ಉಜ್ಜಿದಳು, ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಉಜ್ಜಿದಳು.

“ಸೀಸೆಯೇ ಸವೆದು ಹೋದೀತು ಅಕ್ಕ,” ಎಂದರು ಮೀನಿನ ಡಾಕ್ಟರು, ಹಿಂಬಾಗಿಲಿಗೆ ಒರಗಿ ಟೀ ಕುಡಿಯುತ್ತ. “ಇವತ್ತು ಮರಿ ಬರೋ ದಿನ. ನೆನಪಿದೆ ತಾನೆ?”

“ಮರೆಯೋಕೆ ನೀವು ಬಿಟ್ಟರೆ ತಾನೆ.”

ಅದು ಮೀನು ಸಾಕುವವರಿಗೆ ಸಲಹೆ ಹೇಳುವ ಕಚೇರಿ. ಯಾರಾದರೂ ನಾಲ್ಕು ಕೊಳ ತೋಡುತ್ತೇನೆಂದು ಬಂದರೆ ಸಾಕು, ನೆಲ ನೋಡುವವರು, ಕೊಳ ಕಟ್ಟಿಸುವವರು, ಮೇವಿನವರು, ರೋಗದವರು, ಪೇಟೆಯ ಧಾರಣೆ ಹೇಳುವವರು ಎಂದು ಒಂದು ದಿಬ್ಬಣವೇ ಹೊರಡುತ್ತಿತ್ತು. “ಮೊಟ್ಟೆ ಒಡೆಯೋ ಮೊದಲೇ ಮೀನಿಗೆ ಎಷ್ಟು ಜನ ಸೋದರಮಾವಂದಿರು ನೋಡಿ,” ಎಂದು ಡಾಕ್ಟರೇ ನಗುತ್ತಿದ್ದರು. ಈ ಮಾವಂದಿರೆಲ್ಲ ಒಂದೇ ಮಾತು ಆಡುವುದು ಅಪರೂಪ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಆ ಕೋಣ ತಾನೇ ಎಂಬುದು ನೀರಕ್ಕನಿಗೂ ಗೊತ್ತಿತ್ತು. ನೀರಿನ ಪರೀಕ್ಷೆ ಅವಳದು. ಅವಳು ಹೂಂ ಅನ್ನದೆ ಯಾವ ಕೊಳಕ್ಕೂ ಮರಿ ಬೀಳುತ್ತಿರಲಿಲ್ಲ. ಆ ಹೂಂ ಬರುತ್ತಿದ್ದುದೋ, ಅಳೆದೂ ಸುರಿದೂ.

ಅವಳ ಇನ್ನೊಂದು ಹೂಂಗಾಗಿ ದೂರದಲ್ಲಿ ಇನ್ನೊಬ್ಬರು ಕಾದಿದ್ದರು. ಕೊಳದ ಇಂಜಿನಿಯರು. ವರ್ಷಗಟ್ಟಲೆ ಅವಳ ಎದುರಿನ ಮೇಜಿನಲ್ಲಿ ಕೂತವರು. ಹಸಿಮಣ್ಣನ್ನು ಉಂಡೆ ಮಾಡಿ ಮೇಲಕ್ಕೆಸೆದು ಹಿಡಿದು, ಒಡೆಯದಿದ್ದರೆ “ಈ ನೆಲ ನೀರು ಹಿಡಿಯುತ್ತೆ” ಎಂದು ಮಕ್ಕಳಂತೆ ಹಿಗ್ಗುವವರು. ಹೋದ ವರ್ಷ ಅವರು ಒಂದು ದ್ವೀಪಕ್ಕೆ, ಕಡಲಿನಲ್ಲಿ ಬಲೆಯ ಪಂಜರ ಕಟ್ಟಿ ಮೀನು ಸಾಕುವ ಕೆಲಸಕ್ಕೆ ಹೋದರು. ಅಲ್ಲಿ ಫೋನು ಹಿಡಿಯದು. ಅಂಚೆ ಮಾತ್ರ ಸಾಮಾನಿನ ದೋಣಿಯಲ್ಲಿ ಹೋಗಿಬರುತ್ತದೆ. ಹೋದ ಕೆಲವೇ ದಿನಕ್ಕೆ ಬರೆದಿದ್ದರು: “ಇಲ್ಲಿ ನೀರು ನೋಡುವವರು ಬೇಕು. ನನಗೆ ನೀವು ಬೇಕು. ಇವೆರಡನ್ನೂ ಒಂದೇ ಮಾತು ಅಂದುಕೊಳ್ಳಬೇಡಿ. ಬರುತ್ತೀರಾ? ಮಳೆಗೆ ಮುಂಚಿನ ಕೊನೆಯ ದೋಣಿಯವರೆಗೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಬೇಡಿ ಎಂದಿದ್ದೇನೆ. ಆಮೇಲೆ ಮತ್ತೆ ಕೇಳಿ ನಿಮ್ಮನ್ನು ಕಷ್ಟಕ್ಕೆ ಸಿಕ್ಕಿಸುವುದಿಲ್ಲ.”

ಆ ದೋಣಿಗೆ ಹೋಗುವ ಅಂಚೆಯನ್ನು ಇವತ್ತು ಸಂಜೆ ಕಟ್ಟುತ್ತಿದ್ದರು. ಬರುತ್ತೇನೆಂದು ಉತ್ತರ ಬರೆದು, ಲಕೋಟೆ ಅಂಟಿಸಿ, ನೀರಕ್ಕ ಕೈಚೀಲದಲ್ಲಿ ಹೊತ್ತು ತಿರುಗುತ್ತಿದ್ದಳು. ಅಂಚೆ ಡಬ್ಬಿಯ ಮುಂದೆ ಎಷ್ಟು ಸಲ ನಿಂತಳೋ, ಅಷ್ಟೇ ಸಲ ವಾಪಸು ಬಂದಳು.

ಬೆಳಗ್ಗೆ ಅತ್ತೆ ಹಂಗಿಸಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾದರೂ ಅತ್ತೆ ಸೊಸೆಯರದು ಒಂದೇ ಮನೆ, ಒಂದೇ ಒಲೆ.

“ಇವತ್ತಾದರೂ ಹಾಕ್ತೀಯೋ, ಇಲ್ಲ ಕಾವು ಕೊಟ್ಟು ಮರಿ ಮಾಡ್ತೀಯೋ?”

“ನೀವೊಬ್ಬರೇ ಆಗ್ತೀರಲ್ಲ ಅತ್ತೆ.”

“ನಾನ್ಯಾಕೆ ಒಬ್ಬಳೇ ಆಗಲಿ? ನಾನೂ ಬರ್ತೀನಿ. ಕಡಲನ್ನ ಕ್ಯಾಲೆಂಡರಿನಲ್ಲಿ ಬಿಟ್ಟರೆ ಎಲ್ಲಿ ನೋಡಿದೀನಿ?”

“ಇನ್ನೊಂದು ಸ್ವಲ್ಪ ತಾಳಿ, ಯೋಚನೆ ಮಾಡ್ತೀನಿ.”

“ತಾಳಿದವನು ಬಾಳಿಯಾನು ಅಂತಾರೆ, ಸರಿ. ತಾಳ್ತಾನೇ ಇರೋನು ಬಾಳೋದು ಯಾವಾಗ ತಾಯಿ?”

ನೀರಕ್ಕ ಚಪ್ಪಲಿ ಮೆಟ್ಟಿ ಕಚೇರಿಗೆ ಹೊರಟಿದ್ದಳು. ಎದುರಿನ ಮೇಜಿನ ಮನುಷ್ಯ ಬೇರೆ, ಒಂದೇ ಸೂರಿನ ಮನುಷ್ಯ ಬೇರೆ. ಕೂಡಿದ ಮೇಲೆ ಏನಾಗುತ್ತದೋ. ಆದರೆ ಕಚೇರಿಯಲ್ಲಿ ನೀರಿನ ಅಳತೆಯನ್ನು ಗಟ್ಟಿಯಾಗಿ ಓದಿ ಒಂದು ಗಳಿಗೆ ಕಾಯುವಳು. ಮೊದಲೆಲ್ಲ ಇಂಜಿನಿಯರು ಅದನ್ನು ತಿರುಗಿ ಹೇಳಿ ಬರೆದುಕೊಳ್ಳುತ್ತಿದ್ದರು. ಈಗ ಎದುರಿನ ಕುರ್ಚಿ ಏನೂ ಹೇಳುತ್ತಿರಲಿಲ್ಲ. ಆ ಒಂದು ಗಳಿಗೆಯೇ ಅವಳ ಇಡೀ ದಿನವನ್ನು ತಿನ್ನುತ್ತಿತ್ತು.

ಮರಿಗಳ ವ್ಯಾನು ಕಚೇರಿಯ ಹಿಂದಿನ ಕೊಳಕ್ಕೆ ತಡವಾಗಿ ಬಂತು. ಅಷ್ಟರಲ್ಲಿ ಬಿಸಿಲು ಏರಿತ್ತು. ಗಾಳಿ ತುಂಬಿ ಬಿಗಿದ ಪ್ಲಾಸ್ಟಿಕ್ ಚೀಲಗಳು, ಪ್ರತಿಯೊಂದರಲ್ಲೂ ಸ್ವಲ್ಪ ನೀರು, ಅದರಲ್ಲಿ ಜೀರಿಗೆಯಂತೆ ಮಿಸುಕಾಡುವ ಮರಿಗಳು. ತಂದವನ್ನು ತಂದ ಹಾಗೇ ಸುರಿಯುವಂತಿಲ್ಲ. ಮೊದಲು ಚೀಲಗಳನ್ನು ಕೊಳದಲ್ಲಿ ತೇಲಬಿಡಬೇಕು. ಒಳಗಿನ ನೀರಿನ ಬಿಸಿಯೂ ಹೊರಗಿನದೂ ಹೊಂದಿಕೊಂಡ ಮೇಲೆ ಬಾಯಿ ಬಿಚ್ಚಬೇಕು. ಹೊಂದಿತೆಂದು ಹೇಳುವವಳು ನೀರಕ್ಕ.

ಅವಳು ಮಂಡಿವರೆಗಿನ ನೀರಿಗಿಳಿದು ಉಷ್ಣಮಾಪಕವನ್ನು ಕೊಳಕ್ಕಿಟ್ಟಳು, ಚೀಲಕ್ಕೆ ಒತ್ತಿ ಹಿಡಿದಳು.

“ಸಾಕಲ್ವಾ ಅಕ್ಕ?” ದಡದಿಂದ ಡಾಕ್ಟರು ಕೂಗಿದರು.

“ಕೂದಲೆಳೆ ವ್ಯತ್ಯಾಸ ಇದೆ. ಇನ್ನೊಂದು ಸ್ವಲ್ಪ.”

ಮತ್ತೆ ನೋಡಿದಳು. ವ್ಯತ್ಯಾಸ ಇನ್ನೂ ಇತ್ತು. ಮತ್ತೊಮ್ಮೆ ನೋಡಿದಾಗ ಹೆಚ್ಚಿತ್ತು. ಇದೇನು, ಮಾಪಕ ಕೆಟ್ಟಿತೇ ಎಂದು ಒರೆಸಿಕೊಂಡು ಇನ್ನೊಂದು ಚೀಲಕ್ಕೆ ಒತ್ತುವಷ್ಟರಲ್ಲಿ ಡಾಕ್ಟರು ಬೂಟಿನ ಸಮೇತ ನೀರಿಗೆ ಧುಮುಕಿ ಬಂದರು.

“ಬಿಸಿಲಿಗೆ ಚೀಲಾನೇ ಕಾಯ್ತಾ ಇದೆ ನೀರಕ್ಕ! ನೀವು ಕಾದಷ್ಟೂ ವ್ಯತ್ಯಾಸ ಜಾಸ್ತಿನೇ ಆಗೋದು. ಒಳಗೆ ನೋಡಿ, ಉಸಿರು ಮುಗೀತಾ ಬಂತು!”

ಅವಳು ಆಗಲೇ ಮಾಪಕ ಬಿಟ್ಟು ಮರಿಗಳನ್ನು ನೋಡಿದ್ದು. ಎಲ್ಲವೂ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಗಂಟು ಬಿಚ್ಚಿದಳು, ಬಿಚ್ಚದ್ದನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಕೊಳದ ನೀರನ್ನು ಬೊಗಸೆ ಬೊಗಸೆ ಒಳಗೆ ಹಾಕಿ, ಚೀಲವನ್ನು ವಾರೆ ಮಾಡಿ ಹಿಡಿದಳು. ಮರಿಗಳು ಒಂದು ಗಳಿಗೆ ಬಾಯಂಚಿನಲ್ಲೇ ನಿಂತವು. ಆಮೇಲೆ ಒಂದು ಹೋಯಿತು, ಅದರ ಹಿಂದೆ ಹಿಂಡೇ ಹೋಯಿತು.

ಎಲ್ಲವೂ ಹೋಗಲಿಲ್ಲ. ಕಡೆಯ ಚೀಲದ ತಳದಲ್ಲಿ ಕೆಲವು ಬಿಳಿ ಹೊಟ್ಟೆ ಮೇಲೆ ಮಾಡಿ ಉಳಿದವು. ಅವನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಳು.

“ಬಿಡಿ ಅಕ್ಕ, ಪ್ರತಿ ಸಲ ಒಂದಿಷ್ಟು ಹೋಗೋದೇ,” ಎಂದರು ಡಾಕ್ಟರು, ಬೂಟಿನ ನೀರು ಸುರಿಯುತ್ತ. “ನನ್ನ ಬೂಟಿಗೆ ಮಾತ್ರ ನೀವೇ ಹೊಣೆ.”

ಅವಳಿಗೆ ನಗು ಬರಲಿಲ್ಲ. “ಕೊಳ ಚೆನ್ನಾಗೇ ಇತ್ತು ಡಾಕ್ಟ್ರೇ. ಬೆಳಗ್ಗೆಯಿಂದ ಚೆನ್ನಾಗೇ ಇತ್ತು.”

“ಇತ್ತು. ನಿಮಗೊಬ್ಬರಿಗೆ ಸಾಲದೆ ಇತ್ತು.”

ಡಾಕ್ಟರು ತಮಾಷೆಗೇ ಅಂದದ್ದು. ನೀರಕ್ಕ ಅವರ ಮುಖ ನೋಡಿದಳು, ನೀರು ನೋಡಿದಳು. ದಡ ಹತ್ತಿ ಕೈ ಒರೆಸಿಕೊಂಡು ಕೈಚೀಲ ಎತ್ತಿದಳು.

“ಎಲ್ಲಿಗೆ? ಸಂಜೆಯ ಅಳತೆ?”

“ನೀವೇ ತಗೊಳ್ಳಿ. ಇವತ್ತೊಂದು ದಿನ ನನ್ನ ಕಣ್ಣಿಲ್ಲದಿದ್ದರೆ ನೀರೇನೂ ಹಾಳಾಗಲ್ಲ.”

ಬಾಗಿಲು ಹಾಕುವ ಹೊತ್ತಿಗೆ ಅಂಚೆ ಕಚೇರಿ ಸೇರಿದಳು. ಸೀರೆಯ ಅಂಚಿನಿಂದ ಇನ್ನೂ ಕೆಸರು ತೊಟ್ಟಿಕ್ಕುತ್ತಿತ್ತು. ಗುಮಾಸ್ತೆ ಮೂಟೆಯ ಬಾಯಿ ಸೇರಿಸಿ ಹಗ್ಗ ಸುತ್ತುತ್ತಿದ್ದಳು.

“ದ್ವೀಪದ್ದು. ಒಂದೇ ಒಂದು.”

“ಇಷ್ಟು ಹೊತ್ತು ಏನು ಮಾಡ್ತಿದ್ರಿ? ತನ್ನಿ.” ಲಕೋಟೆಯ ಮೂಲೆಗಳು ಸವೆದು ಬೆಳ್ಳಗಾಗಿದ್ದವು. ಗುಮಾಸ್ತೆ ಅದನ್ನು ತಿರುಗಿಸಿ ನೋಡಿದಳು. “ಹಳೇದು ಇದ್ದ ಹಾಗಿದೆ. ವಿಳಾಸ ಒಂದ್ಸಲ ಸರಿಯಾಗಿ ನೋಡ್ಕೋತೀರಾ?”

“ನೋಡಿದ್ದು ಸಾಕು,” ಎಂದಳು ನೀರಕ್ಕ. “ಹಾಕಿಬಿಡಿ.”

ಗುಮಾಸ್ತೆ ಹಗ್ಗ ಸಡಿಲಿಸಿ ಲಕೋಟೆಯನ್ನು ಒಳಕ್ಕೆ ತಳ್ಳಿದಳು.