ಒಂದು ಕೆಮ್ಮಿನಷ್ಟು ಹೊತ್ತು

ಹಸಿರು, ಅದೇ ಹಸಿರು, ನೀರು ಬೆರೆಸಿದ ಹಾಗೆ ಮಂಕು, ಕಾರಿನ ಬಾನೆಟ್ಟು ತೆರೆದಿದೆ, ಎಂಜಿನ್ ಇನ್ನೂ ಕೂರಿಸಿಲ್ಲ, ಆ ಖಾಲಿ ಗುಂಡಿಯ ಹಿಂದಿನ ತಗಡಿನ ಮೇಲೆ ಬಲಗಡೆ ಬಣ್ಣದ ಒಂದು ಹನಿ ಇಳಿದು ನಿಂತಿದೆ, ನೋಡಿದಳು, ಏನೂ ಅನ್ನಿಸಲಿಲ್ಲ, ಹೋದ ತಿಂಗಳು ಗಂಡ ತೀರಿಕೊಂಡಾಗಿನಿಂದ ಏನೂ ಅನ್ನಿಸುತ್ತಿಲ್ಲ, ಮಗಳು ಫೋನಿನಲ್ಲಿ ಅಮ್ಮಾ ಮನೇಲೇ ಕೂತು ಏನು ಮಾಡ್ತೀಯ, ಗ್ಯಾರೇಜಿನವರು ಅಷ್ಟು ಕರೀತಿದಾರೆ, ಹೋಗಿ ಬಾ, ಅಂದಳು, ಇವಳು ಸರಿ ಅಂದಳು, ಚಪ್ಪಲಿ ಮೆಟ್ಟಿದಳು, ಬಂದಳು. ಗ್ಯಾರೇಜಿನವನು ಕುರ್ಚಿ ಒರೆಸಿ ಕೊಟ್ಟ, ನೋಡಿ ಅಮ್ಮಾ, ಈ ಕಾರು ಕಾರ್ಖಾನೆಯಿಂದ ಹೊರಗೆ ಬಂದ ದಿನ ಹೇಗಿತ್ತೋ ಹಾಗೇ ಮಾಡ್ತಿದೀನಿ, ಅದಕ್ಕಿಂತ ಚೆನ್ನಾಗಿ ಮಾಡಿದರೂ ತಪ್ಪೇ, ಹಳೇ ಕಾರುಗಳ ಪ್ರದರ್ಶನದಲ್ಲಿ ಟಾರ್ಚ್ ಬಿಟ್ಟು ನೋಡ್ತಾರೆ, ಬಾನೆಟ್ಟಿನ ಒಳಮೈ ಬಣ್ಣ ತೆಳುವಾಗಿರಬೇಕು, ಡಿಕ್ಕಿಯ ಮೂಲೇಲಿ ಕೆಂಪು ಪ್ರೈಮರ್ ಇಣುಕಬೇಕು, ಆಗಿನ ತಪ್ಪೂ ಇದ್ದ ಹಾಗೇ ಇರಬೇಕು — ತಪ್ಪೂ, ಹೌದು, ಒಳಮೈ ಯಾರು ನೋಡ್ತಾರೆ ಅಂತ ಕಾರ್ಖಾನೆಯಲ್ಲಿ ಉಳಿದ ಪೇಂಟರುಗಳು ಬಣ್ಣದ ಗನ್ ಎರಡು ಸಲ ಬೀಸಿ ಕೈತೊಳೆದುಕೊಳ್ಳುತ್ತಿದ್ದರು, ಗಂಡ ಮಾತ್ರ ಮೂರು ಸಲ, ಗನ್ ಹಿಡಿದರೆ ಮೊಣಕೈ ಅಲುಗದು, ಅವರು ಬಣ್ಣ ಹೊಡೆದು ಕಳಿಸಿದ್ದನ್ನು ಸಾಲಿನ ಕೊನೆಯಲ್ಲಿ ನಿಂತು ಅವಳು ತಪಾಸಣೆ ಮಾಡಬೇಕು, ಸರಿಯಿದ್ದರೆ ಹಳದಿ ಮೇಣದ ಕಡ್ಡಿಯಲ್ಲಿ ಏಳು, ಅದು ಅವಳ ನಂಬರು, ಸರಿಯಿಲ್ಲದಿದ್ದರೆ ಕೆಂಪು ಗೀಟು, ನನ್ನ ಹೆಂಡತಿ ಬೆಳಗ್ಗೆಯಿಂದ ಸಂಜೆವರೆಗೆ ನನ್ನ ತಪ್ಪು ಹುಡುಕ್ತಾಳೆ, ಅದಕ್ಕೆ ಸಂಬಳ ಬೇರೆ, ಅಂತ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಆ ಏಳನ್ನೇ ಹಿಡಿದು ಈತ ಅವಳನ್ನು ಹುಡುಕಿದ್ದು, ಹಳೇ ನೌಕರರ ಸಂಘದಲ್ಲಿ ಕೇಳಿದನಂತೆ, ಈ ತಗಡಿನ ಮೇಲೆ ಏಳು ಇತ್ತು ಅಮ್ಮಾ, ನಾನೇ ಬರೀಬಹುದು, ಆದ್ರೆ ಅದು ನಿಮ್ಮ ಏಳಲ್ಲವಲ್ಲ. ಹಳೇ ಬಣ್ಣ ಕೆರೆಯುವ ಮೊದಲು ತೆಗೆದ ಫೋಟೋ ಕೈಗಿಟ್ಟ. ಕನ್ನಡಕ ಏರಿಸಿದಳು.

ಫೋಟೋದಲ್ಲಿ ಹನಿ ಒಂದಲ್ಲ, ಎರಡು, ಒಂದರ ಬೆನ್ನ ಮೇಲೆ ಇನ್ನೊಂದು, ನಡುವೆ ಕೂದಲೆಳೆಯಷ್ಟು ಏಣು, ಆ ವಾರ ಗಂಡನ ಕೈಯಿಂದ ಇಂಥ ತಪ್ಪು ಅದು ಮೂರನೆಯದು, ಮೊದಲಿನೆರಡಕ್ಕೆ ಕೆಂಪು ಗೀಟು ಎಳೆದಾಗಿತ್ತು, ಗನ್ ಒಂದೇ ಕಡೆ ನಿಂತರೆ ಬಣ್ಣ ಇಳಿಯುತ್ತದೆ, ಅವರ ಗನ್ ಯಾಕೆ ನಿಂತಿತು, ಕೆಮ್ಮು ಬಂತು, ನಿಂತಿತು, ಇನ್ನೊಂದು ಬಂತು, ಮುಖಕ್ಕೆ ಕಟ್ಟಿದ ಕರವಸ್ತ್ರ ಹಸಿರು, ಉಗಿದದ್ದೂ ಹಸಿರು. ವಾರಕ್ಕೆ ಮೂರು ಕೆಂಪು ಗೀಟು ಬಿದ್ದರೆ ಬಣ್ಣದ ಕೋಣೆಯಿಂದ ತೆಗೆದು ಕಾರ್ಖಾನೆಯ ಡಾಕ್ಟರ ಹತ್ತಿರ ಕಳಿಸಬೇಕು, ಅದು ನಿಯಮ, ಕೆಂಪು ಕಡ್ಡಿ ಕೈಯಲ್ಲೇ ಇತ್ತು, ಅಷ್ಟರಲ್ಲಿ ಊಟದ ಗಂಟೆ, ಅವರು ಹತ್ತಿರ ಬಂದು ಮೆಲ್ಲಗೆ, ನೆಗಡಿ ಕಣೇ, ಇನ್ನೇನಿಲ್ಲ, ಇಲ್ಲಿಂದ ತೆಗೆದರೆ ಪಾಲಿಶ್ ತಿಕ್ಕೋಕೆ ಹಾಕ್ತಾರೆ, ಗನ್ ಬಿಟ್ಟು ನಾನೇನು ಮಾಡ್ಲಿ ಹೇಳು. ಕೆಂಪು ಜೇಬಿಗೆ ಹೋಯಿತು, ಹಳದಿ ಹೊರಗೆ ಬಂತು, ಏಳು. ಆಮೇಲೆ ಎಷ್ಟು ಏಳು, ಎಷ್ಟು ವರ್ಷ, ಹೋದ ತಿಂಗಳು ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಕೆಮ್ಮು ಯಾವಾಗಿನಿಂದ ಅಂತ ಕೇಳಿದರೆ ಎರಡು ವರ್ಷ ಸಾರ್ ಅಂದಳು, ಮಂಚದ ಮೇಲಿಂದ ಗಂಡ ಅವಳನ್ನೇ ನೋಡಿದರು, ತಿದ್ದಲಿಲ್ಲ.

ಇದು ತಪ್ಪಾಗಿದೆ, ಅಂದಳು, ಸ್ವಂತ ದನಿ ಬೇರೆ ಯಾರದೋ ಅನ್ನೋ ಹಾಗೆ ಕೇಳಿಸಿತು, ಹನಿ ಎರಡಿರಬೇಕು. ಗ್ಯಾರೇಜಿನವನು ಫೋಟೋ ಕಣ್ಣಿಗೆ ಹತ್ತಿರ ಹಿಡಿದ, ಹೌದಲ್ಲ ಅಮ್ಮಾ, ಒಂದೇ ಅಂದ್ಕೊಂಡಿದ್ದೆ, ಈಗ ತಾನೇ ಹೊಡೆದದ್ದು, ಇನ್ನೂ ಹಸಿ ಇದೆ, ಒರೆಸಿ ಮತ್ತೆ ಹೊಡೀತೀನಿ. ಮೂಗಿನ ಎರಡು ಬದಿಗೂ ಡಬ್ಬಿಯಿದ್ದ ಮುಖವಾಡ ಹಾಕಿಕೊಂಡ, ಅವಳಿಗೂ ಒಂದು, ಹಾಕ್ಕೊಳ್ಳಿ ಅಮ್ಮಾ, ಈ ಬಣ್ಣ ಒಳಗೆ ಹೋಗಬಾರದು — ಹೋಗಬಾರದು, ಎಷ್ಟು ಸಲೀಸಾಗಿ ಅಂದ. ಮೊದಲ ಸಲ ಎರಡು ಹನಿಯೂ ಕೂಡಿಕೊಂಡವು, ಒರೆಸಿದ, ಎರಡನೇ ಸಲ ದೂರ ದೂರ ನಿಂತವು, ಒರೆಸಿದ, ಮಧ್ಯೆ ಎಷ್ಟು ಹೊತ್ತು ಬಿಡಬೇಕಮ್ಮಾ, ಒಂದು ಕೆಮ್ಮಿನಷ್ಟು, ಅಂದಳು, ಏನಂದ್ರಿ, ಕೆಮ್ಮಿ, ಕೈ ತೆಗೀಬೇಡಿ, ಗನ್ ಹಿಡಿದ ಹಾಗೇ ಕೆಮ್ಮಿ. ಕೆಮ್ಮಿದ. ಅಷ್ಟು ಜೋರಾಗಲ್ಲ, ಅಂದಳು, ಅದುಮಿಕೊಂಡು, ಆಚೆ ನಿಂತಿರೋಳಿಗೆ ಕೇಳಿಸಬಾರದು ಅನ್ನೋ ಹಾಗೆ. ಮತ್ತೆ ಕೆಮ್ಮಿದ, ಬಂತು, ಒಂದು, ಅದರ ಬೆನ್ನ ಮೇಲೆ ಇನ್ನೊಂದು. ಇದೇ ಅಮ್ಮಾ, ಥೇಟ್ ಇದೇ, ನಿಮಗೆ ಹೇಗೆ ಗೊತ್ತಾಯ್ತು. ಹಳದಿ ಕಡ್ಡಿ ಚಾಚಿದ. ಕೆಂಪು ಇದೆಯಾ, ಕೇಳಿದಳು. ಕೆಂಪು ಯಾಕಮ್ಮಾ, ಫೋಟೋದಲ್ಲಿ ಹಳದೀನೇ ಇದೆಯಲ್ಲ. ಇದೆ, ಹಳದಿಯೇ ಇದೆ. ಪಕ್ಕದ ಒಣಗಿದ ಜಾಗದಲ್ಲಿ ಕೈ ತಾನೇ ಏಳು ಬರೆಯಿತು, ಬಾಲ ಸ್ವಲ್ಪ ಎಡಕ್ಕೆ, ಮೊದಲಿನ ಹಾಗೇ, ಒಣಗೋಕೆ ಹೊತ್ತು ಹಿಡಿಯುತ್ತೆ ಅಮ್ಮಾ, ಕೂತ್ಕೊಳ್ಳಿ, ಕೂರಲಿಲ್ಲ, ಮೊದಲ ಹನಿ ನಿಂತಿದೆ, ಎರಡನೆಯದು ಇನ್ನೂ ನಿಂತಿಲ್ಲ, ಅದರ ಬೆನ್ನ ಮೇಲೆ, ನಿಧಾನ, ಇಳಿಯುತ್ತಿದೆ, ಹಸಿರು, ಇಳಿಯುತ್ತಿದೆ —