ಬುಡಕ್ಕೆ ಜೋಳ

ಮೊಣಕಾಲು ಮಡಚಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ನರ್ಮದಾ ತನ್ನ ಅಕ್ಕನ ಮೊಣಕಾಲಿಗೆ ಸುತ್ತಿ, ಅಂಗೈಯಿಂದ ಒತ್ತಿ ಒತ್ತಿ, ಆಮೇಲೆ ಹಿಮ್ಮಡಿ ಹಿಡಿದು ಮೆಲ್ಲಗೆ ಎತ್ತಿದಳು. ಕಾಲಿನ ಜೊತೆ ಸೊಂಟವೂ ಎದ್ದುಬಂತು. ಕಾಲು ಮಾತ್ರ ಒನಕೆಯ ಹಾಗೆ ನೆಟ್ಟಗೇ ಇತ್ತು.

"ಇನ್ನೊಂದ್ ತಪೇಲಿ ನೀರು ಕಾಸ್ಕೊಂಡ್ ಬಾ ಸ್ನೇಹಲ್. ಭಾಳ ಸುಡೂದು ಬ್ಯಾಡ."

ಸ್ನೇಹಲ್ ತಪೇಲಿ ಎತ್ತಿಕೊಂಡು ಒಳಗೆ ಹೋದಳು. ಸತ್ತವಳು ಅವಳ ಅತ್ತೆ ಶಿವಬಸವ್ವ. ನರ್ಮದಾ ಶಿವಬಸವ್ವನ ಬೆನ್ನಿಗೆ ಬಿದ್ದ ತಂಗಿ, ಬೆಳಿಗ್ಗೆಯಷ್ಟೇ ಇಂಡಿಯಿಂದ ಪುಣೆಗೆ ಬಂದವಳು. ಬಂದವಳೇ ಅತ್ತದ್ದು ಸ್ವಲ್ಪ, ಆಮೇಲೆ ಸೀರೆ ಸಿಕ್ಕಿಸಿ ಅಕ್ಕನ ಕಾಲ ಬಳಿ ಕೂತವಳು ಎದ್ದಿರಲಿಲ್ಲ.

ಹೊರಗಿನ ಕೋಣೆಯಿಂದ ಗುರುಪಾದಪ್ಪನ ದನಿ ಅಡುಗೆಮನೆಗೂ ಕೇಳುತ್ತಿತ್ತು. ಮಾವನಿಗೆ ದೊಡ್ಡಪ್ಪನ ಮಗ, ಸೊಲ್ಲಾಪುರದವನು. ಮದುವೆ ಮನೆಯಿರಲಿ ಸಾವಿನ ಮನೆಯಿರಲಿ, ಚಪ್ಪಲಿ ಬಿಡುವ ಮೊದಲೇ ಯಜಮಾನಿಕೆ ವಹಿಸಿಕೊಳ್ಳುವ ಮನುಷ್ಯ.

"ಜೀವ ಹೋದ ಕೂಡ್ಲೆ ಕಾಲು ಮಡಚಬೇಕಿತ್ತು. ಸಣ್ಣ ಹುಡುಗರಿಗೂ ಗೊತ್ತಿರೂ ಮಾತಿದು. ದವಾಖಾನ್ಯಾಗ ಜೋಡಿ ಯಾರಿದ್ರು?"

ಯಾರಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ಸ್ನೇಹಲಳ ಗಂಡ ರೋಹಿತ ತಲೆ ತಗ್ಗಿಸಿ ಕೂತಿದ್ದ. ಅವನ ತಂದೆ ರಾಮಲಿಂಗಪ್ಪ ಮೂಲೆಯ ಕುರ್ಚಿಯಲ್ಲಿ, ನಿನ್ನೆಯಿಂದ ತುಟಿ ಬಿಚ್ಚಿರಲಿಲ್ಲ.

"ನಮ್ಮವರಿದ್ದಿದ್ರ ಹಿಂಗಾಗ್ತಿರಲಿಲ್ಲ. ಇರಲಿ, ಮಧ್ಯಾಹ್ನದ ಮಟ ನೋಡೂಣು. ಆಗಲಿಲ್ಲಂದ್ರ ಮಲಗಿಸೇ ಮಣ್ಣು ಕೊಡೂಣು. ಮತ್ತೇನ್ ಮಾಡಾಕ ಬರ್ತದ?"

ಸ್ನೇಹಲ್ ನೀರಿಗೆ ಬೆರಳದ್ದಿ ನೋಡಿದಳು. ಇವರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಮೈ ಬೆಚ್ಚಗಿರುವಾಗಲೇ ಕಾಲು ಮಡಚಿ ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಕೂರಿಸುತ್ತಾರೆಂಬುದನ್ನು ಅತ್ತೆಯೇ ಒಮ್ಮೆ ಹೇಳಿದ್ದಳು. ಯಾವಾಗ ಮಡಚಬೇಕು ಎಂಬುದನ್ನು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಬದುಕಿರುವ ಅತ್ತೆಯ ಹತ್ತಿರ ಅಂಥ ಪ್ರಶ್ನೆಯನ್ನು ಯಾವ ಸೊಸೆ ಕೇಳುತ್ತಾಳೆ?

*

ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಇದ್ದವಳು ಸ್ನೇಹಲ್ ಒಬ್ಬಳೇ. ರೋಹಿತ ಚಾಕಣದ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ. ಮಾವ ಊಟಕ್ಕೆಂದು ಮನೆಗೆ ಹೋಗಿದ್ದರು. ಎದೆಯಲ್ಲಿ ನೀರು ತುಂಬಿಕೊಂಡಿದ್ದ ಶಿವಬಸವ್ವನಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ದಿಂಬಿಗೆ ಒರಗಿ, ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು, ಸೊಸೆಯ ಹೆಗಲಿಗೆ ತಲೆ ಆನಿಸಿದ್ದಳು. ಹಾಗೆ ಇದ್ದ ಹಾಗೆಯೇ ಹೋದಳು.

ನರ್ಸ್ ಬಂದು ನೋಡಿ, ಮರಾಠಿಯಲ್ಲಿ, ಕಾಲು ನೆಟ್ಟಗೆ ಮಾಡಿಬಿಡಿ ತಾಯಿ, ಆಮೇಲೆ ಕಷ್ಟವಾಗುತ್ತದೆ ಎಂದಳು. ಸ್ನೇಹಲಳ ಮರಾಠಿ ತವರಿನಲ್ಲೂ ಹಾಗೆಯೇ. ಅವಳ ಅಜ್ಜಿ ಸತ್ತಾಗ ಅವ್ವ ಮೊದಲು ಮಾಡಿದ ಕೆಲಸ ಅದೇ. ಸ್ನೇಹಲ್ ಅಳುತ್ತಲೇ ಅತ್ತೆಯ ಮಡಚಿದ ಕಾಲುಗಳನ್ನು ಒಂದೊಂದಾಗಿ ಚಾಚಿದಳು. ಸೀರೆಯ ನೆರಿಗೆ ಸರಿಮಾಡಿದಳು. ತನ್ನ ಕೈವಸ್ತ್ರದ ಅಂಚು ಹರಿದು ಎರಡೂ ಕಾಲ ಹೆಬ್ಬೆರಳು ಜೋಡಿಸಿ ಕಟ್ಟಿದಳು. ಅಷ್ಟು ಮಾಡಿದ ಮೇಲೆ, ಅತ್ತೆಗೆ ಒಪ್ಪವಾದ ಒಂದು ಕೆಲಸ ಮಾಡಿದೆ ಎಂಬ ಸಣ್ಣ ಸಮಾಧಾನವೂ ಅವಳಿಗೆ ಆಗಿತ್ತು. ಕೂತೇ ಸತ್ತಿದ್ದವಳನ್ನು ತನ್ನ ಕೈಯಾರೆ ಮಲಗಿಸಿದ್ದಳು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಹೆಣವನ್ನು ಆಸ್ಪತ್ರೆಯಿಂದ ಮನೆಗೆ ತಂದಾಗ ಹೆಬ್ಬೆರಳಿಗೆ ಕಟ್ಟಿದ್ದ ಆ ಅಂಚಿನ ದಾರವನ್ನು ನರ್ಮದಾ ಬಿಚ್ಚಿದಳು. ಯಾರು ಕಟ್ಟಿದರು ಎಂದು ಅವಳೂ ಕೇಳಲಿಲ್ಲ.

*

ಸ್ನೇಹಲ್ ಈ ಮನೆಗೆ ಬಂದ ಮೊದಲ ವರ್ಷ ಅತ್ತೆ ಸೊಸೆಯರದು ಎಣ್ಣೆ ಸೀಗೆಕಾಯಿ ಸಂಬಂಧ. ಜಗಳವೇನಿಲ್ಲ, ಮಾತೇ ಇಲ್ಲ. ಜಾತಿಯಲ್ಲದ ಜಾತಿಯಿಂದ ಬಂದವಳಿಗೆ ಹೇಳಬೇಕಾದ್ದನ್ನು ಶಿವಬಸವ್ವ ಮಗನ ಕಡೆ ತಿರುಗಿ ಹೇಳುತ್ತಿದ್ದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಅವಳು ಕಾದಳು, ಇವಳೂ ಕಾದಳು.

ಒಂದು ಕ್ರಿಸ್‌ಮಸ್‌ಗೆ ಮುಂಚೆ ಸ್ನೇಹಲ್ ಕ್ಯಾಂಪ್ ಪೇಟೆಯ ಅಂಗಡಿಯಿಂದ ಒಂದು ಗೊಂಬೆ ತಂದು ಟೀವಿಯ ಪಕ್ಕದಲ್ಲಿಟ್ಟಳು. ಗಿಡ್ಡ ಮೈ, ಉದ್ದ ಗಡ್ಡ, ಮೂಗಿನ ತನಕ ಇಳಿದ ಚೂಪು ಟೊಪ್ಪಿಗೆ. ಅಂಗಡಿಯವನು ಅದನ್ನು ನೋಮ್ ಎಂದಿದ್ದ. ಶಿವಬಸವ್ವ ಕಸ ಗುಡಿಸುವಾಗ ಒಮ್ಮೆ, ದೀಪ ಹಚ್ಚುವಾಗ ಒಮ್ಮೆ ಅದನ್ನು ಓರೆಗಣ್ಣಿನಲ್ಲಿ ನೋಡಿದಳು. ಕೊನೆಗೆ ತಡೆಯಲಾರದೆ ನೇರವಾಗಿ ಸೊಸೆಯನ್ನೇ ಕೇಳಿದಳು.

"ಇಂವ ಯಾರು? ಕಣ್ಣ ಇಲ್ಲಲ್ಲ ಇವಗ."

ಕಣ್ಣು ಟೊಪ್ಪಿಗೆಯ ಒಳಗಿರುತ್ತವಂತೆ, ಇವನಿದ್ದರೆ ಮನೆಗೆ ಒಳ್ಳೆಯದಾಗುತ್ತದಂತೆ ಎಂದು ಸ್ನೇಹಲ್ ಮರಾಠಿಯಲ್ಲಿ ಹೇಳಿದಳು.

"ಛಲೋ ಆತು ಬಿಡು. ಮನ್ಯಾಗ ಇದ್ದೂ ಏನೂ ಕಾಣಂಗಿಲ್ಲ. ನಮ್ಮ ಮುತ್ಯಾನೂ ಹಿಂಗ ಇದ್ದ."

ಅಂದಿನಿಂದ ಆ ಗೊಂಬೆಯಜ್ಜನ ಹೆಸರು ಟೊಪಗಿ ಮುತ್ಯಾ. ಶಿವಬಸವ್ವ ಅವನನ್ನು ತಿರುವಿ ಮುರುವಿ ನೋಡಿ, ಇದೇನು ಮಹಾ, ನಾನೂ ಹೊಲೀತೀನಿ ಎಂದು ಮಷಿನ್ನಿನ ಮೇಲಿನ ಮುಚ್ಚಳ ತೆಗೆದಳು. ಹಳೆಯ ಇಳಕಲ್ ಸೀರೆಯ ಸೆರಗು ಟೊಪ್ಪಿಗೆಯಾಯಿತು. ಸೆಣಬಿನ ನಾರು ಗಡ್ಡವಾಯಿತು. ಬರೀ ಟೊಪ್ಪಿಗೆ ಬೋಳುಬೋಳಾಗಿದೆ ಎಂದು ಕುಪ್ಪಸದ ತುಂಡುಗಳನ್ನು ಎಸಳೆಸಳಾಗಿ ಕತ್ತರಿಸಿ, ದಾರದಿಂದ ನೆರಿಗೆ ಹಿಡಿದು ಸೇವಂತಿಗೆ ಮಾಡಿದಳು, ದಾಸವಾಳ ಮಾಡಿದಳು, ಅಬ್ಬಲಿಗೆಯ ದಂಡೆ ಸುತ್ತಿದಳು. ಅಂಗಡಿಯ ಮುತ್ಯಾ ಇವಳ ಮುತ್ಯಾನ ಮುಂದೆ ಬಡವನಾಗಿಬಿಟ್ಟ.

ಸ್ನೇಹಲ್ ಹೊಲಿದ ಮೊದಲ ಮುತ್ಯಾ ಇಟ್ಟ ಕೂಡಲೇ ಮೂಗಿನ ಮೇಲೆ ಬಿದ್ದ. ಎತ್ತಿ ಕೂರಿಸಿದರೆ ಮತ್ತೆ ಬಿದ್ದ. ಶಿವಬಸವ್ವ ನಗುತ್ತ ಅವನ ತಳದ ಹೊಲಿಗೆ ಬಿಚ್ಚಿ, ಡಬ್ಬಿಯಿಂದ ಹಿಡಿ ಜೋಳ ತೆಗೆದು ಒಂದು ಚೀಲದಲ್ಲಿ ಕಟ್ಟಿ ಒಳಗಿಟ್ಟಳು.

"ತಲಿ ಹಿಡದ್ರ ಏನ್ ಬರ್ತದ? ಬುಡದಾಗ ಭಾರ ಬೇಕು. ಬುಡ ಕುಂತ್ರ ತಲಿ ತಾನ ಕೂಡತದ. ಕುತ್ತಿಗಿ ಹಿಂದ ಒಂದು ಸಣ್ಣ ಸುರಳಿ ಇಡು, ಸಾಕು."

ಸ್ನೇಹಲ್ ಕನ್ನಡ ಕಲಿತದ್ದು ಹೀಗೆ, ಮಷಿನ್ನಿನ ಪಕ್ಕದಲ್ಲಿ ಎಸಳು ಕತ್ತರಿಸುತ್ತ. ಶಿವಬಸವ್ವ ಮದುವೆಯಾಗಿ ಪುಣೆಗೆ ಬಂದಾಗಿನಿಂದ ಖಾನಾವಳಿ ನಡೆಸಿದವಳು. ಊರು ಬಿಟ್ಟು ಬಂದ ಗುಮಾಸ್ತರಿಗೆ, ಓದುವ ಹುಡುಗರಿಗೆ ರೊಟ್ಟಿ ಬಡಿದು ಬಡಿದು ಅವಳ ಕಾಲಿನ ನರಗಳು ಬಳ್ಳಿಯ ಹಾಗೆ ಉಬ್ಬಿದ್ದವು. ಖಾನಾವಳಿ ಮುಚ್ಚಿದ ಮೇಲೆ ಅವಳು ಕೂತು ಮಾಡಿದ ಕೆಲಸವೆಂದರೆ ಇದೊಂದೇ. ಒಮ್ಮೆ ಸೂಜಿಗೆ ದಾರ ಪೋಣಿಸುತ್ತ ತನ್ನಷ್ಟಕ್ಕೆ ಹೇಳುವಂತೆ ಹೇಳಿದ್ದಳು.

"ಜಲ್ಮ ಎಲ್ಲ ನಿಂತು ತೆಗದೆ ಸ್ನೇಹಲ್. ನಮ್ಮಲ್ಲಿ ಒಂದ್ ಛಲೋ ಅದ ನೋಡು, ಹೋಗುವಾಗ ಕುಂದ್ರಿಸಿ ಕಳಸ್ತಾರ. ಅದೊಂದು ತಪ್ಪಬಾರದು ನನಗ."

*

ಮಠದ ಅಯ್ಯನವರು ಬಂದರು. ವಯಸ್ಸಾದವರು, ಹರೆಯದಲ್ಲಿ ಶಿವಬಸವ್ವನ ಖಾನಾವಳಿಯಲ್ಲಿ ಉಂಡವರು. ಅಷ್ಟರಲ್ಲಿ ಗುರುಪಾದಪ್ಪ ಧೋತರ ಮೇಲೆ ಕಟ್ಟಿ, ಇಬ್ಬರು ಹಿಡಿದು ಒಮ್ಮೆಗೇ ಒತ್ತಿದರೆ ಕಾಲು ಮಡಚುತ್ತದೆ ಎಂದು ಸಿದ್ಧನಾಗಿದ್ದ. ನರ್ಮದಾ ಅಕ್ಕನ ಕಾಲಿನ ಮೇಲೆ ಅಡ್ಡ ಬಿದ್ದಿದ್ದಳು.

"ಜೋರು ಮಾಡಬ್ಯಾಡ್ರಿ, ಎಲುವು ಮುರೀತದ," ಎಂದರು ಅಯ್ಯನವರು. "ಬಿಗಿ ತಾನ ಬಿಡ್ತದ. ಕಾಯ್ರಿ."

"ಎಷ್ಟೊತ್ತು ಕಾಯೂದ್ರಿ ಅಯ್ಯನವರ? ಮಂದಿ ನಿಂತಾರ."

"ಆಕಿ ನಮಗ ರೊಟ್ಟಿ ಬಡಿಯಾಕ ಎಷ್ಟು ನಿಂತಾಳ, ಅಷ್ಟು ನಿಲ್ಲಲಿ."

ಸ್ನೇಹಲ್ ನರ್ಮದಾಳನ್ನು ಎಬ್ಬಿಸಿ ತಾನು ಕಾಲ ಬಳಿ ಕೂತಳು. ಬಿಸಿ ಟವೆಲು ಸುತ್ತುವುದು, ತಣ್ಣಗಾದರೆ ಬಿಚ್ಚುವುದು, ಮೊಣಕಾಲಿನ ಹಿಂದೆ ಅಂಗೈ ಇಟ್ಟು ತಿಕ್ಕುವುದು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಅತ್ತೀ, ನಾನ ಚಾಚೇನಿ, ನಾನ ಮಡಚತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ ಎಂದು ಒಳಗೊಳಗೇ ಹೇಳುತ್ತಿದ್ದಳು. ಪಕ್ಕದ ಮನೆಯವರು ಚಹಾ ತಂದರು. ಯಾರೂ ಕುಡಿಯಲಿಲ್ಲ, ಗುರುಪಾದಪ್ಪ ಕುಡಿದ. ಬಿಸಿಲು ಬಾಗಿಲಿನಿಂದ ಗೋಡೆಗೆ ಹೋದ ಮೇಲೆ, ಅಂಗೈ ಕೆಳಗೆ ಏನೋ ಸಡಿಲಾಯಿತು. ಸ್ನೇಹಲ್ ಉಸಿರು ಹಿಡಿದು ಹಿಮ್ಮಡಿಯನ್ನು ಎಳೆದಳು. ಬಲಗಾಲು ಮಡಚಿ ಬಂತು. ಸ್ವಲ್ಪ ಹೊತ್ತಿಗೆ ಎಡಗಾಲೂ ಬಂತು. ಅವಳು ಆ ಮೊಣಕಾಲಿನ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಆದರೆ ಕೂರಿಸಿದರೆ ಶಿವಬಸವ್ವ ಕೂರಲೊಲ್ಲಳು. ಬಿಗಿ ಬಿಟ್ಟ ಮೈ ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಮುಂದಕ್ಕೆ. ತಲೆ ಎದೆಯ ಮೇಲೆ ಬಿತ್ತು. ಊರಿನ ಮನೆಯಾಗಿದ್ದರೆ ಗೋಡೆಯ ಗೂಟಕ್ಕೆ ಬಟ್ಟೆ ಕಟ್ಟಿ ನಿಲ್ಲಿಸುತ್ತಿದ್ದರು. ಈ ಫ್ಲ್ಯಾಟಿನ ಗೋಡೆಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಗುರುಪಾದಪ್ಪ ಕುರ್ಚಿ ತರಿಸಿ, ಎದೆಗೂ ಹಣೆಗೂ ಧೋತರ ಬಿಗಿದು ಕುರ್ಚಿಯ ಬೆನ್ನಿಗೆ ಕಟ್ಟಿಸಿದ. ಕಂಬಕ್ಕೆ ಕಟ್ಟಿದ ಕಳ್ಳಿಯ ಹಾಗೆ ಕಂಡಳು. ರಾಮಲಿಂಗಪ್ಪ ಮುಖ ಆಚೆ ತಿರುಗಿಸಿದರು.

"ಬಿಚ್ಚರಿ," ಎಂದಳು ಸ್ನೇಹಲ್. "ಹಂಗ ಕಟ್ಟಬ್ಯಾಡ್ರಿ."

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಷಿನ್ನಿನ ಸದ್ದು ಕೇಳಿತು. ಹೊರಗೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೆಣ ಇಟಗೊಂಡು ಮಷಿನ್ ತುಳೀತಾಳಲ್ಲ," ಎಂದ ಗುರುಪಾದಪ್ಪ. "ಏನ್ ಹುಡುಗಿಪಾ ಇದು."

ನರ್ಮದಾ ಎದ್ದು ಒಳಗೆ ಹೋಗಿ ನೋಡಿದಳು. ಸ್ನೇಹಲ್ ಅತ್ತೆಯ ಹತ್ತಿ ಸೀರೆಯೊಂದನ್ನು ಮಡಚಿ, ಸಿಂಬೆಯ ಹಾಗೆ ದುಂಡಗೆ ಒಂದು ದೊಡ್ಡ ಚೀಲ ಹೊಲಿಯುತ್ತಿದ್ದಳು. ನರ್ಮದಾ ಏನೂ ಕೇಳದೆ ಜೋಳದ ಡಬ್ಬಿಯನ್ನು ಅವಳ ಬಳಿಗೆ ಎಳೆದು ತಂದು, ಸೇರಿನಿಂದ ತುಂಬತೊಡಗಿದಳು.

ಜೋಳದ ಸಿಂಬೆಯ ನಡುವೆ ಶಿವಬಸವ್ವನನ್ನು ಇಳಿಸಿದರು. ಸೊಂಟ ಅದರೊಳಗೆ ಹುದುಗಿ ನಿಂತಿತು. ಸ್ನೇಹಲ್ ಕುತ್ತಿಗೆಯ ಹಿಂದೆ ಒಂದು ಸುರುಳಿ ಸಿಕ್ಕಿಸಿ, ಮೇಲೆ ಸೆರಗು ಹೊದಿಸಿ ಕೈ ತೆಗೆದಳು. ತಲೆ ನಿಂತಿತು. ಹೆಂಗಸರು ಹಣೆಗೆ ವಿಭೂತಿ ಬಳಿದು, ಸೇವಂತಿಗೆಯ ದಂಡೆಗಳನ್ನು ತಲೆಯ ಸುತ್ತ ಸುತ್ತಿದರು. ದಂಡೆ ಜಾರಿ ಹುಬ್ಬಿನ ತನಕ ಇಳಿಯಿತು.

"ನೋಡ್ರಿ, ನಮ್ಮಕ್ಕನೂ ಟೊಪಗಿ ಮುತ್ಯಾನ ಗತೆ ಕುಂತಾಳ," ಎಂದಳು ನರ್ಮದಾ. ರೋಹಿತನಿಗೆ ನಗು ಬಂದುಬಿಟ್ಟಿತು. ನಗು ಮುಗಿಯುವ ಮೊದಲೇ ಅವನು ಬಾಯಿಗೆ ಟವೆಲು ಒತ್ತಿಕೊಂಡು ಅತ್ತ.

*

ರುದ್ರಭೂಮಿಯಲ್ಲಿ ಕುಣಿ ತೋಡಿ, ಒಳಗೋಡೆಯಲ್ಲಿ ಆಳು ಕೂರುವಷ್ಟು ಗೂಡು ಕೊರೆದಿದ್ದರು. ಜೋಳದ ಸಿಂಬೆ ಸಮೇತ ಇಳಿಸಲು ಅಯ್ಯನವರು ಒಪ್ಪಿದರು. ಕುತ್ತಿಗೆಯ ಸುರುಳಿಗೆ ಮಾತ್ರ ಒಪ್ಪಲಿಲ್ಲ. ಕೊರಳಲ್ಲಿ ಲಿಂಗದ ದಾರ, ರುದ್ರಾಕ್ಷಿ ಬಿಟ್ಟು ಬೇರೇನೂ ಇರುವಂತಿಲ್ಲ. ವಿಭೂತಿ, ಉಪ್ಪು, ಪತ್ರಿ ಹೆಗಲ ಮಟ ತುಂಬುವ ತನಕ ಯಾರಾದರೂ ಒಳಗೆ ನಿಂತು ತಲೆ ಹಿಡಿಯಬೇಕು.

ಮಗ ಇಳಿದ. ತಾಯಿಯ ತಲೆಯ ಹಿಂದೆ ಕೈ ಕೊಟ್ಟ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಶಿವಬಸವ್ವನೇ ಬೇಡ ಬೇಡ ಎಂದು ತಲೆಯಾಡಿಸುವಂತೆ ಕಂಡಿತು. ಮೇಲಿದ್ದ ಹೆಂಗಸರು ಕಣ್ಣು ಮುಚ್ಚಿಕೊಂಡರು.

"ನನ್ನಿಂದ ಆಗೂದಿಲ್ಲ," ಎಂದ ರೋಹಿತ ಕೆಳಗಿನಿಂದ.

ಸ್ನೇಹಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಗುರುಪಾದಪ್ಪ ಕೈ ಅಡ್ಡ ಹಿಡಿದ.

"ಹೆಣ್ಣಮಕ್ಕಳು ಕುಣಿಯೊಳಗ ಇಳಿಯಂಗಿಲ್ಲವ್ವ. ಅದರಾಗ ನೀನು..."

"ಗುರುಪಾದಣ್ಣ." ಮಾತಾಡಿದವರು ರಾಮಲಿಂಗಪ್ಪ. ನಿನ್ನೆಯಿಂದ ಬಳಸದ ದನಿ ಒಡೆದು ಬಂತು. "ಇಕಿ ಇಳೀಲಿ. ಇಕಿ ತೋಳಾಗ ಆಕಿ ಜೀವ ಬಿಟ್ಟಾಳ. ಕುಂದ್ರಿಸೂದೂ ಇಕಿನ ಕುಂದ್ರಿಸಲಿ."

"ಮಾವಾರ," ಎಂದಳು ಸ್ನೇಹಲ್. ಎಲ್ಲರೆದುರೇ ಹೇಳಿದಳು. "ಅತ್ತಿ ಕುಂತೇ ಹೋಗಿದ್ರು. ಕಾಲು ಚಾಚಿದಾಕಿ ನಾನ. ನನಗ ಗೊತ್ತಿರಲಿಲ್ಲ."

ರಾಮಲಿಂಗಪ್ಪ ಕುಣಿಯ ಕಡೆ ಕೈ ತೋರಿಸಿದರು. "ಗೊತ್ತದ ನನಗ. ಹೆಬ್ಬೆರಳಿನ ದಾರ ನೋಡೀನಿ, ನಿನ್ನ ಕೈವಸ್ತ್ರದ್ದು. ಇಳಿ."

ಅಯ್ಯನವರು ಪತ್ರಿಯ ಬುಟ್ಟಿ ಸರಿಸಿ ದಾರಿ ಬಿಟ್ಟರು. ಸ್ನೇಹಲ್ ಇಳಿದು ಗಂಡನನ್ನು ಮೇಲೆ ಕಳಿಸಿದಳು. ಗೂಡಿನ ಮುಂದೆ ಮೊಣಕಾಲೂರಿ, ತೋಳು ಚಾಚಿ, ಅತ್ತೆಯ ತಲೆಯನ್ನು ಹಿಂದಿನಿಂದ ಅಂಗೈಯಲ್ಲಿ ಹಿಡಿದಳು. ಇಬ್ಬರ ಮುಖಗಳೂ ಎದುರುಬದುರಾದವು. ಮೇಲಿನಿಂದ ವಿಭೂತಿ ಬಿದ್ದಿತು, ಉಪ್ಪು ಬಿದ್ದಿತು, ಬಿಲ್ವದ ಎಲೆಗಳು ಬಿದ್ದವು. ಮಡಚಿದ ಕಾಲುಗಳು ಮುಚ್ಚಿದವು. ಲಿಂಗ ಹಿಡಿದ ಅಂಗೈ ಮುಚ್ಚಿತು. ಸ್ನೇಹಲ್ ಇನ್ನೊಂದು ಕೈಯಿಂದ ಸಂದಿಗಳಲ್ಲಿ ತುಂಬುತ್ತ, ಒತ್ತುತ್ತ ಬಂದಳು. ಎದೆಯ ಮಟ ಬಂತು, ಹೆಗಲ ಮಟ ಬಂತು.

"ಸಾಕವ್ವ, ಮ್ಯಾಲೆ ಬಾ," ಎಂದರು ಅಯ್ಯನವರು.

ಸ್ನೇಹಲ್ ಕೈ ಬಿಡಲಿಲ್ಲ. ಕೇಳಿಸಲಿಲ್ಲವೋ ಏನೋ. ರಾಮಲಿಂಗಪ್ಪ ಕುಣಿಯ ಅಂಚಿಗೆ ಬಂದು ಕುಕ್ಕರಗಾಲಿನಲ್ಲಿ ಕೂತರು.

"ಸ್ನೇಹಲ್, ಕೈ ಬಿಡವ್ವಾ. ಕುಂತಾಳ ಆಕಿ."

ಅವಳು ಒಂದೊಂದೇ ಬೆರಳು ಸಡಿಲಿಸಿದಳು. ಕೊನೆಯ ಬೆರಳು ತೆಗೆದು, ಬಿದ್ದರೆ ಹಿಡಿಯಲೆಂದು ಕೈಯನ್ನು ಅಲ್ಲಿಯೇ ಹತ್ತಿರ ಇಟ್ಟು ಕಾದಳು. ತಲೆ ಬೀಳಲಿಲ್ಲ.

ಮೇಲಿನಿಂದ ಅವಳನ್ನು ಎತ್ತಲು ಕೈಗಳು ಇಳಿದವು. ಸ್ನೇಹಲ್ ತನ್ನ ಬಲಗೈ ಮೇಲೆತ್ತಿದಳು. ಮೊಣಕೈ ತನಕ ಬೆಳ್ಳಗಾಗಿದ್ದ ಆ ಕೈಯ ಬೆರಳುಗಳು ತಲೆಯೊಂದು ಹಿಡಿಸುವಷ್ಟು ದುಂಡಗೆ ಬಾಗಿ ಹಾಗೆಯೇ ಸೆಟೆದುಕೊಂಡಿದ್ದವು, ಹಿಡಿಯಲೂ ಬಿಚ್ಚಲೂ ಬರುತ್ತಿರಲಿಲ್ಲ. ರಾಮಲಿಂಗಪ್ಪ ಅವಳ ಮಣಿಕಟ್ಟು ಹಿಡಿದು ಮೇಲೆಳೆದುಕೊಂಡು, ಮಣ್ಣಿನ ಗುಡ್ಡೆಯ ಮೇಲೆ ಕೂರಿಸಿ, ಆ ಬೆರಳುಗಳನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟು ಮೆಲ್ಲಗೆ ತಿಕ್ಕತೊಡಗಿದರು.