ಮೊಣಕೈ ಮೇಲಿನ ಹೂವು

ಮಧ್ಯಾಹ್ನ ನಾಲ್ಕಕ್ಕೆ ಸರಸ್ವತಿ ನಗರದ ಬಾಡಿಗೆ ಮನೆಯ ಬಾಗಿಲು ಒದ್ದು ಮೂವರು ಒಳನುಗ್ಗಿದರು. ಮುಖಕ್ಕೆಲ್ಲ ಟವೆಲ್ ಸುತ್ತಿಕೊಂಡಿದ್ದರು. ಮನೆತನದ ಮಾನ ಕಾಪಾಡಲು ಹೊರಟ ಶೂರರಿಗೆ ಮುಖ ತೋರಿಸುವಷ್ಟು ಧೈರ್ಯವಿರಲಿಲ್ಲ ನೋಡಿ! ಮೊದಲ ಏಟಿಗೇ ಕೊಟ್ಟೂರೇಶನ ಮಂಡಿಚಿಪ್ಪು ಒಡೆಯಿತು. ಎರಡನೆಯದಕ್ಕೆ ಹಲ್ಲು ಉದುರಿದವು.

ಅವನ ಹೆಂಡತಿ ಸಹನಾ ಕಿಟಕಿಯ ಬಳಿ ಯಾರದೋ ಜೀನ್ಸ್ ಪ್ಯಾಂಟಿಗೆ ಸಾಶಿಕೊ ಹಾಕುತ್ತಿದ್ದಳು. ಹರಿದದ್ದನ್ನು ಮುಚ್ಚಿಡದೆ, ಬಿಳಿ ದಾರದ ಹೂವಾಗಿಸಿ ಎದ್ದು ಕಾಣಿಸುವ ಜಪಾನಿನ ಕೈಹೊಲಿಗೆ ಅದು. ಅವ್ವನಿಂದ ಕೌದಿ ಹೊಲಿಯಲು ಕಲಿತ ಕೈಗೆ ಮೊಬೈಲ್ ನೋಡಿಯೇ ಒಲಿದಿತ್ತು. ಸೂಜಿ ಹಿಡಿದೇ ಅವಳು ರಾಡ್ ಎತ್ತಿದವನ ತೋಳಿಗೆ ಜೋತುಬಿದ್ದಳು.

ಆ ಮೊಣಕೈ ಮೇಲೆ ಬಿಳಿ ಹೂವಿತ್ತು. ದಾರ ಸಾಲದೆ ಕೊನೆಯ ಎಸಳನ್ನು ಕೆಂಪಿನಲ್ಲಿ ಮುಗಿಸಿದ್ದು ಅವಳೇ. ಬೇರೆ ಜಾತಿಯವನನ್ನು ಮದುವೆಯಾಗಲು ಕೊಕ್ಕನೂರಿನ ಮನೆ ಬಿಡುವ ಹಿಂದಿನ ವಾರ, ಅಣ್ಣ ಗಿರೀಶನ ಅಂಗಿಗೆ ಮೂರು ದಿನ ಕೂತು ಹೊಲಿದಿದ್ದಳು. ಅವನು ನಕ್ಕಿದ್ದ: "ಎಷ್ಟು ಹೂವು ಹಾಕಿದ್ರೂ ಹಳೇ ಅಂಗಿನೇ ಬಿಡು. ಹೊಲಸು ಕೆಲ್ಸಕ್ಕೆ ಆಗ್ತೈತೆ." ಅಂದಂತೆಯೇ ಹಾಕಿಕೊಂಡು ಬಂದಿದ್ದ. ಒಳ್ಳೇ ಅಂಗಿಗೆ ರಕ್ತ ಹಾರಬಾರದಲ್ಲ!

"ಅಣ್ಣಾ, ಬ್ಯಾಡೋ!"

ರಾಡ್ ಒಂದು ಗಳಿಗೆ ನಿಂತಿತು. ಆಮೇಲೆ ಕೊಟ್ಟೂರೇಶನ ತಲೆಯ ಮೇಲೇ ಬಿತ್ತು. ಸಹನಾ ಆ ಕೈಗೆ ಸೂಜಿಯನ್ನು ಬುಡದವರೆಗೆ ಚುಚ್ಚಿದಳು. ಗಿರೀಶ ಅವಳನ್ನು ಗೋಡೆಗೆ ಅಪ್ಪಳಿಸಿ ಓಡಿದ.

ಆಸ್ಪತ್ರೆ ಮುಟ್ಟುವ ಮೊದಲೇ ಕೊಟ್ಟೂರೇಶ ತೀರಿಕೊಂಡ. ಸಹನಾಳಿಗೆ ಪ್ರಜ್ಞೆ ಬಂದದ್ದು ಮರುದಿನ ಬೆಳಗ್ಗೆ. ಇನ್ಸ್‌ಪೆಕ್ಟರ್ ಹೇಳಿಕೆಗೆ ಬರುವ ಮೊದಲು, ಕೊಕ್ಕನೂರಿನಿಂದ ಮೊದಲ ಬಸ್ಸು ಹಿಡಿದು ಅವ್ವ ಅಂಜಿನವ್ವ ಬಂದಳು. ಮಗಳ ಕೈ ಹಿಡಿದು ಬಿಕ್ಕಿದಳು.

"ಮುಖ ಕಾಣ್ಲಿಲ್ಲ ಅಂತ ಹೇಳವ್ವಾ. ಇರೋನು ಒಬ್ಬನೇ ಮಗ."

"ಅಂಗಿ ಎಲ್ಲೈತವ್ವಾ?"

"ಸುಟ್ಟಾಕು ಅಂದ. ನೀನು ಹೊಲ್ದಿದ್ದಲ್ಲ, ನಂಗೆ ಮನಸ್ಸು ಬರ್ಲಿಲ್ಲ. ತೊಳ್ದು ಹಿತ್ಲಾಗೆ ಒಣಗಾಕೀನಿ."

ಸಹನಾ ಅವ್ವನ ತೊಡೆಯ ಮೇಲೆ ಮುಖವಿಟ್ಟು ಗೋಳೋ ಎಂದು ಅತ್ತಳು. ಇನ್ಸ್‌ಪೆಕ್ಟರ್ ಬಂದು ನಿಂತಾಗಲೂ ಅವ್ವನ ಕೈ ಬಿಡಲಿಲ್ಲ.

"ಯಾರನ್ನಾದ್ರೂ ಗುರ್ತು ಹಿಡಿದ್ರೇನಮ್ಮಾ?"

"ನಮ್ಮಣ್ಣ ಸರ್, ಗಿರೀಶ. ಲಗೂನ ಕೊಕ್ಕನೂರಿಗೆ ಹೋಗ್ರಿ. ಅಂಗಿ ನಮ್ಮನಿ ಹಿತ್ಲಾಗೆ ಒಣಗ್ತೈತೆ. ಮೊಣಕೈ ಮ್ಯಾಲೆ ಹೂವು ಐತೆ, ಒಂದೆಸಳು ಕೆಂಪು."